ಅಧಿಕಾರ ವಿಕೇಂದ್ರೀಕರಣವೂ ಸ್ವಯಂಸೇವಾ ಸಂಸ್ಥೆಗಳೂ

ಅಧಿಕಾರವನ್ನು ಹಳ್ಳಿಗೆ ವಹಿಸಿದೆಯೆಂದು ಶಾಸನದಲ್ಲಿ ಬರೆದ ಮಾತ್ರಕ್ಕೆ ಅದು ಹಳ್ಳಿಗರ ಕೈಸೇರಿತೆಂದು ಭಾವಿಸಲಾಗದು. ಕಾಲುವೆಯ ಮೇಲ್ತುದಿಯಲ್ಲಿ ಬಿಟ್ಟ ನೀರು ಕೊನೆಯ ಹೊಲವನ್ನು ಮುಟ್ಟುವ ನಿಶ್ಚಯವಿಲ್ಲವೆಂಬುದು ತುಂಗಭದ್ರಾ ಎಡದಂಡೆಯ ರೈತರಿಗೆ ವಿದಿತವೇ ಆಗಿದೆ. ಶಾಸನಕ್ಕೂ ಅದರ ಫಲಕ್ಕೂ ನಡುವಣ ಈ ದೂರದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಇರುವ ಕಾರ್ಯವೇನೆಂಬುದು ವಿಚಾರಾರ್ಹ.

ಕರ್ನಾಟಕವು ಈ ದಿಸೆಯಲ್ಲಿ ಮುಂದಡಿಯಿಟ್ಟ ರಾಜ್ಯ. ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದು 29 ವಿಷಯಗಳನ್ನು ಪಟ್ಟಿಮಾಡಿತಾದರೂ ಅವುಗಳಲ್ಲಿ ಎಷ್ಟನ್ನು ಪಂಚಾಯಿತಿಗಳಿಗೆ ಕೊಡಬೇಕೆಂಬುದನ್ನು ರಾಜ್ಯಗಳ ವಿವೇಚನೆಗೇ ಬಿಟ್ಟಿತು. 2012ರ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ರಾಯಚೂರು ಮೊದಲಾದ ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ದೊರಕಿಸಿತು. ಆದರೆ ಆ ಮಂಡಳಿಯನ್ನು ಹಳ್ಳಿಗರು ಮತವಿತ್ತು ಆರಿಸುವುದಿಲ್ಲ. ಅವರು ಎದ್ದುನಿಂತು ಪ್ರಶ್ನಿಸಬಹುದಾದ ಸ್ಥಳ ಗ್ರಾಮಸಭೆಯೊಂದೇ.

ಮಾನ್ವಿ ಹಾಗೂ ಸಿಂಧನೂರುಗಳ ನಡುವೆ ಇರುವ ಪೋತ್ನಾಳದ ನಿದರ್ಶನವು ಇಲ್ಲಿ ಸಂಗತವಾದುದು. ಇಲ್ಲಿಯ ಜಾಗೃತ ಮಹಿಳಾ ಸಂಘಟನೆಯು ದಲಿತ ಕೂಲಿಕಾರ ಮಹಿಳೆಯರದು. ಉದ್ಯೋಗ ಖಾತ್ರಿಯ ಕೆಲಸ-ಕೂಲಿಗಳಿಗಾಗಿ ಹೋರಾಡಿದುದು. 2005ರ ಉದ್ಯೋಗ ಖಾತ್ರಿ ಕಾಯ್ದೆಯು 2006ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸದ ಹಕ್ಕನ್ನು ಆ ಕಾಯ್ದೆ ವಿಧಿಸಿತು. ಅರ್ಜಿಯಿತ್ತ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ರಾಜ್ಯ ಸರ್ಕಾರವು ನಿರುದ್ಯೋಗ ಭತ್ಯೆ ತೆರಬೇಕಾಗಿತ್ತು. ಆದರೆ ಈ 15 ದಿನಗಳನ್ನು ಎಂದಿನಿಂದ ಎಣಿಸುವುದು? ಅರ್ಜಿಗೆ ದಿನಾಂಕ ಸಹಿತವಾದ ಸ್ವೀಕೃತಿ ಪತ್ರ ಇಲ್ಲದಿದ್ದರೆ ಅವಧಿಯೇ ಆರಂಭವಾಗದು. ಭತ್ಯೆಯ ಮಾತಂತೂ ದೂರವೇ ಉಳಿಯಿತು. ಓದುಬರಹ ಬಾರದ ಕೂಲಿಯಾಳು ಬಾಯಿಮಾತಿನಲ್ಲಿ ಕೆಲಸ ಕೇಳಿ ಹಿಂದಿರುಗಿದರೆ ಕಡತದ ಪಾಲಿಗೆ ಆಕೆ ಬಂದೇ ಇರಲಿಲ್ಲ. ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಪಡೆಯುವವರೆಗೆ ಕಚೇರಿಯ ಮುಂದೆ ಒಟ್ಟಾಗಿ ನಿಲ್ಲುವುದೇ ಕೂಲಿಕಾರರ ಸಂಘಟನೆಗಳ ಮುಖ್ಯ ಕಾರ್ಯವಾದುದು ಇದರಿಂದಲೇ. ನೋಡುವವರಿಗೆ ಇದು ಅಲ್ಪವೆನಿಸಬಹುದು. ನೀತಿಯು ಬಡವರ ಮನೆಗೆ ತಲಪಿದುದು ಮಾತ್ರ ಈ ಕಾಗದದ ಚೂರಿನ ಮೂಲಕವೇ.

ಇಲ್ಲಿ ಶಬ್ದವೊಂದರ ಚರ್ಚೆ ಅಪ್ರಸ್ತುತವಾಗದು. ‘ಬೇಡಿಕೆ’ ಎಂಬುದು ‘ಬೇಡು’ ಧಾತುವಿನಿಂದ ಬಂದುದು. ಬೇಡುವವನು ದೀನನೆಂಬುದು ರೂಢಿ. ಉದ್ಯೋಗ ಖಾತ್ರಿಯಲ್ಲಾದರೋ ಬೇಡಿದವರಿಗೆ ಕೊಡಲೇಬೇಕಾದ ಬಂಧನವು ಸರ್ಕಾರಕ್ಕೆ ಒದಗಿತು. ಶಬ್ದ ಹಳೆಯದೇ, ಅರ್ಥ ತಿರುಗುಮುರುಗಾಯಿತು.

ಸಂಸ್ಥೆಗಳಿಗೂ ಅಪಾಯವಿಲ್ಲದಿಲ್ಲ. ಸರ್ಕಾರದ ಹಣ ಪಡೆದು ಅದರ ಯೋಜನೆಗಳನ್ನು ನಡೆಸುವ ಸಂಸ್ಥೆಯು ಕ್ರಮೇಣ ಗುತ್ತಿಗೆದಾರನಂತಾಗಿ, ಕೇಳಬೇಕಾದ ಪ್ರಶ್ನೆಯನ್ನು ನುಂಗಿಕೊಳ್ಳಬಹುದು. ಅನುದಾನದ ನಿಯಮಗಳೊಡನೆ ಬಾಳುವ ವಿದ್ಯಾಸಂಸ್ಥೆಗಳಿಗೆ ಈ ಇಕ್ಕಟ್ಟು ಹೊಸದಲ್ಲ. ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದುಂಟು. ಪಂಚಾಯಿತಿಯು ನಿಷ್ಕ್ರಿಯವೆಂದು ಬಗೆದು ತಾನೇ ಸಮಿತಿ ರಚಿಸಿ ಕೆಲಸ ಮುಗಿಸುವ ಉತ್ಸಾಹಿ ಸಂಸ್ಥೆಯು, ಜನರು ಚುನಾಯಿಸಿದ ಸಭೆಯನ್ನು ಅರಿಯದೆಯೇ ಬಡವಾಗಿಸುತ್ತದೆ. ಸಂಸ್ಥೆ ಹೊರಟುಹೋದಂದು ಸಮಿತಿಯೂ ಹೋಗುತ್ತದೆ. ಪಂಚಾಯಿತಿಯು ಮೊದಲಿದ್ದಲ್ಲಿಯೇ ಇರುತ್ತದೆ. 2005ರ ಕಾಯ್ದೆಯು ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೇ ವಹಿಸಿದ್ದುದು ವಿವೇಕದ ಕ್ರಮ. ಹಾಜರಿಪಟ್ಟಿಯಲ್ಲಿರುವ ಹೆಸರಿನವಳು ನಿಜವಾಗಿ ಮಣ್ಣು ಹೊತ್ತಳೋ ಇಲ್ಲವೋ ಎಂಬುದನ್ನು ಆಕೆಯ ನೆರೆಮನೆಯವರು ಅಲ್ಲಿಯೇ ಹೇಳಬಲ್ಲರು.