ಗಿರಿಯ ಹಾದಿಗೆ ಹಗುರವಾದ ಪಾದರಕ್ಷೆ

ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಸಂಸೆಯ ಮಾರ್ಗವಾಗಿ ಮುಳ್ಳೋಡಿಯನ್ನು ಸೇರಿ, ಅಲ್ಲಿಂದ ಕುದುರೆಮುಖದ ನೆತ್ತಿಯನ್ನೇರಿ ಮರಳಿ ಬರುವುದೆಂದರೆ ಸುಮಾರು 20 ಕಿಲೋಮೀಟರುಗಳ ನಡಿಗೆ. ದಾರಿಯಲ್ಲಿ ಜಿಗುಟಾದ ಕೆಂಪು ಮಣ್ಣುಂಟು, ದಾಟಬೇಕಾದ ಹಳ್ಳಗಳುಂಟು, ಶೋಲಾ ಕಾಡಿನ ಒದ್ದೆ ತರಗೆಲೆಯುಂಟು, ಹುಲ್ಲುಗಾವಲಿನ ನಡುವೆ ತಲೆಯೆತ್ತಿದ ಕಲ್ಲುಗಳುಂಟು. ನೀರು, ಬುತ್ತಿ, ಮಳೆಯಂಗಿ, ಔಷಧಿಗಳನ್ನು ತುಂಬಿದ ಬೆನ್ನುಚೀಲವು ಎಂಟು ಕಿಲೋಗ್ರಾಮು ತೂಗಿದರೆ ಆಶ್ಚರ್ಯವಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು ಇಂತಹ ಹಾದಿಗೆ ಹೊರಡುವ ವಿದ್ಯಾರ್ಥಿಗಳು ಚೀಲದಿಂದ ಒಂದೊಂದೇ ವಸ್ತುವನ್ನು ತೆಗೆದು ಭಾರವನ್ನು ತಗ್ಗಿಸುತ್ತಾರೆ. ಆದರೆ ಕಾಲಿನಲ್ಲಿರುವ ಬೂಟಿನ ತೂಕವನ್ನು ಎಷ್ಟು ಮಂದಿ ತಕ್ಕಡಿಯಲ್ಲಿಟ್ಟು ನೋಡಿದ್ದಾರೆ? ಬೆಟ್ಟಕ್ಕೆ ದಪ್ಪ ಬೂಟೇ ಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸೋಣ.

ಕಾಲಿನ ಭಾರ ಏಕೆ ದುಬಾರಿ?

ಬೆನ್ನಿನ ಮೇಲಿನ ಹೊರೆಯು ನಮ್ಮೊಡನೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಮುಂದೆ ಸಾಗುತ್ತದೆ. ಪಾದದ ಗತಿ ಹಾಗಲ್ಲ. ನಡೆಯುವಾಗ ಪ್ರತಿಯೊಂದು ಪಾದವೂ ಸುಮಾರು ನೂರಕ್ಕೆ 60 ಪಾಲು ಕಾಲ ನೆಲದ ಮೇಲೆ ನಿಶ್ಚಲವಾಗಿರುತ್ತದೆ. ಉಳಿದ 40 ಪಾಲಿನಲ್ಲಿ ಅದು ದೇಹವನ್ನು ಹಿಂದಿಕ್ಕಿ ಮುಂದೆ ಹೋಗಬೇಕು. ಆದುದರಿಂದ ಗಾಳಿಯಲ್ಲಿರುವಾಗ ಅದರ ಸರಾಸರಿ ವೇಗವು ನಮ್ಮ ವೇಗದ ಎರಡೂವರೆ ಪಟ್ಟು. ನಾವು ಗಂಟೆಗೆ 4 ಕಿಲೋಮೀಟರು ನಡೆದರೆ ಬೀಸುವ ಪಾದದ ವೇಗ ಗಂಟೆಗೆ 10 ಕಿಲೋಮೀಟರು! ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಹೆಜ್ಜೆಹೆಜ್ಜೆಗೂ ಪಾದರಕ್ಷೆಯನ್ನು ನಿಶ್ಚಲ ಸ್ಥಿತಿಯಿಂದ ಈ ವೇಗಕ್ಕೆ ತಂದು, ಮತ್ತೆ ನಿಲ್ಲಿಸುವ ಕೆಲಸವು ನಮ್ಮ ಸ್ನಾಯುಗಳದ್ದು.

1969ರಲ್ಲಿ ಸೌಲ್ ಮತ್ತು ಗೋಲ್ಡ್‌ಮನ್ ಎಂಬ ಸಂಶೋಧಕರು ತಲೆ, ಕೈ, ಪಾದಗಳಲ್ಲಿ ಹೊರೆಯನ್ನಿಟ್ಟು ನಡೆಯುವುದಕ್ಕೆ ತಗಲುವ ಶಕ್ತಿಯನ್ನು ಅಳೆದರು. ಪಾದದಲ್ಲಿ ಒಂದು ಕಿಲೋಗ್ರಾಮನ್ನು ಸಾಗಿಸುವುದಕ್ಕೆ, ನಮ್ಮ ದೇಹದ್ದೇ ಆದ ಒಂದು ಕಿಲೋಗ್ರಾಮನ್ನು ಸಾಗಿಸುವುದಕ್ಕಿಂತ, ನಡಿಗೆಯ ವೇಗಕ್ಕನುಸಾರವಾಗಿ 4ರಿಂದ 6 ಪಟ್ಟು ಶಕ್ತಿ ಬೇಕೆಂದು ಕಂಡುಬಂದಿತು. 1986ರಲ್ಲಿ ಲೆಗ್ ಮತ್ತು ಮಹಾಂತಿ ಎಂಬವರು ಭಾರವಾದ ಬೂಟು ಮತ್ತು ಬೆನ್ನುಹೊರೆಗಳನ್ನು ಹೋಲಿಸಿ ನೋಡಿದಾಗಲೂ ಬೂಟಿನ ಭಾರವು ಬೆನ್ನಿನ ಭಾರಕ್ಕಿಂತ ಸುಮಾರು 6 ಪಟ್ಟು ದುಬಾರಿಯೆಂದು ತಿಳಿಯಿತು.

ಈಗ ಲೆಕ್ಕ ಹಾಕೋಣ. ದಪ್ಪ ಚರ್ಮದ ಬೂಟೊಂದು 750 ಗ್ರಾಂ, ಹಗುರವಾದ ಹಾದಿಯ ಬೂಟೊಂದು 350 ಗ್ರಾಂ ತೂಗುವುದೆಂದುಕೊಳ್ಳಿ. ಜೊತೆಗೆ 800 ಗ್ರಾಂ ವ್ಯತ್ಯಾಸವಾಯಿತು. ಇದು ಬೆನ್ನಿನ ಮೇಲೆ ಸುಮಾರು 3ರಿಂದ 5 ಕಿಲೋಗ್ರಾಂ ಹೇರಿದುದಕ್ಕೆ ಸಮ. ಎಂಟು ಕಿಲೋಗ್ರಾಮಿನ ಚೀಲವನ್ನು ಹೊತ್ತವನಿಗೆ ಇದೇನೂ ಅಲ್ಪವಲ್ಲ. ಹೆಜ್ಜೆಯೊಂದಕ್ಕೆ ಮೀಟರಿನ ಮೂರರಲ್ಲಿ ಎರಡು ಪಾಲು ಎಂದಿಟ್ಟುಕೊಂಡರೆ 20 ಕಿಲೋಮೀಟರಿಗೆ 30,000 ಹೆಜ್ಜೆಗಳು. ಪ್ರತಿ ಹೆಜ್ಜೆಗೂ 400 ಗ್ರಾಂ ಅಧಿಕವೆಂದರೆ ದಿನದ ಕೊನೆಗೆ ಎತ್ತಿದ ಹೆಚ್ಚುವರಿ ಭಾರ 12,000 ಕಿಲೋಗ್ರಾಂ! ಇಳಿಜಾರಿನಲ್ಲಿ ಮುಗ್ಗರಿಸುವುದು ಬಹುಮಟ್ಟಿಗೆ ದಣಿದ ಕಾಲೇ. ಹಗುರವಾದ ಬೂಟು ಕೇವಲ ಸುಖದ ಮಾತಲ್ಲ. ಕ್ಷೇಮದ ಮಾತೂ ಹೌದು.

ಹಗುರವಾದುದೆಲ್ಲವೂ ಒಳ್ಳೆಯದೆ?

ಅಲ್ಲ. ಬೆನ್ನಿನ ಮೇಲೆ ಹೊರೆಯಿದ್ದಾಗ ಅಟ್ಟೆಯ ಮೇಲಿನ ಒತ್ತಡ ಹೆಚ್ಚುತ್ತದೆ. 60 ಕಿಲೋಗ್ರಾಮಿನ ದೇಹ, 8 ಕಿಲೋಗ್ರಾಮಿನ ಚೀಲ, ಎರಡೂ ಒಂದು ಕ್ಷಣ ಚೂಪಾದ ಕಲ್ಲಿನ ತುದಿಯೊಂದರ ಮೇಲೆ ನಿಲ್ಲಬಹುದು. ಅಟ್ಟೆಯು ತೀರ ತೆಳುವಾಗಿದ್ದರೆ ಆ ಕಲ್ಲು ಅಂಗಾಲನ್ನು ಚುಚ್ಚುವುದು. ಆದುದರಿಂದ ಕೊಳ್ಳುವಾಗ ಮೂರು ಪರೀಕ್ಷೆಗಳನ್ನು ಮಾಡಿರಿ. ಅಟ್ಟೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಒಳಗೆ ಉಬ್ಬು ಏಳಬಾರದು. ಬೂಟನ್ನು ಬಗ್ಗಿಸಿದಾಗ ಅದು ಕಾಲ್ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಿ ಮಡಿಯಬಾರದು. ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿದರೆ ಸುಲಭವಾಗಿ ಮಣಿಯಬಾರದು.

ಎತ್ತರದ ಬೂಟು ಕಣಕಾಲು ಉಳುಕದಂತೆ ಕಾಯುವುದಲ್ಲವೆ ಎಂದು ಕೆಲವರು ಕೇಳಬಹುದು. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ 622 ಕಾಲೇಜು ವಿದ್ಯಾರ್ಥಿಗಳಿಗೆ ಎತ್ತರದ ಮತ್ತು ಗಿಡ್ಡ ಬೂಟುಗಳನ್ನು ಹಂಚಿ ನೋಡಿದಾಗ, ಉಳುಕುವ ಪ್ರಮಾಣದಲ್ಲಿ ಗಮನಾರ್ಹವಾದ ಅಂತರ ಕಾಣಲಿಲ್ಲ. ಆಟದ ಅಂಗಳವೂ ಮುಳ್ಳಯ್ಯನಗಿರಿಯ ಕಲ್ಲುದಾರಿಯೂ ಒಂದೇ ಅಲ್ಲವೆಂಬುದು ದಿಟ. ಆದರೂ ಎತ್ತರವೊಂದನ್ನೇ ನಂಬುವುದು ತರವಲ್ಲವೆಂಬ ಪಾಠ ಇದರಲ್ಲಿದೆ. ದಪ್ಪನೆಯ ಅಟ್ಟೆಯು ಪಾದವನ್ನು ನೆಲದಿಂದ ಮೇಲೆತ್ತುವುದರಿಂದ ಸನ್ನೆಯ ತೋಳು ಉದ್ದವಾಗಿ, ಕಾಲು ಹೊರಳುವುದು ಸುಲಭವಾಗುತ್ತದೆ. ಆದರೆ ಹಿಂದೆ ಉಳುಕಿದ ಕಾಲಿನವರು, ತಮ್ಮ ತೂಕದ ಕಾಲುಭಾಗಕ್ಕಿಂತ ಹೆಚ್ಚಿನ ಹೊರೆಯನ್ನು ಹೊರುವವರು ಗಡುಸಾದ ಬೂಟನ್ನೇ ಆರಿಸುವುದು ಲೇಸು.

ಜಾರುವಿಕೆಯ ಗಣಿತ

ಇಳಿಜಾರಿನಲ್ಲಿ ಜಾರುವ ಕೋನದ ಸ್ಪರ್ಶಕವು ಘರ್ಷಣ ಗುಣಾಂಕಕ್ಕೆ ಸಮ. ಗುಣಾಂಕ 0.5 ಇದ್ದರೆ ಸುಮಾರು 27 ಡಿಗ್ರಿಗಳವರೆಗೆ ಬೂಟು ನಿಲ್ಲುವುದು, ಅದು 0.3ಕ್ಕೆ ಇಳಿದರೆ 17 ಡಿಗ್ರಿಯಲ್ಲೇ ಜಾರುವುದು. ಈ ಸಮೀಕರಣದಲ್ಲಿ ತೂಕವೇ ಇಲ್ಲವೆಂಬುದನ್ನು ಗಮನಿಸಿರಿ. ಮನೆಯಲ್ಲೇ ನೋಡಬಹುದು: ಹಲಗೆಯೊಂದನ್ನು ನೆನೆಸಿ, ಅದರ ಮೇಲೆ ಬೂಟನ್ನಿಟ್ಟು, ಒಂದು ತುದಿಯನ್ನು ಮೆಲ್ಲಗೆ ಎತ್ತಿರಿ. ಜಾರಿದೊಡನೆ ಎತ್ತರವನ್ನು ಪಾದದುದ್ದದಿಂದ, ಎಂದರೆ ಹಲಗೆಯು ನೆಲದ ಮೇಲೆ ಆವರಿಸುವ ಉದ್ದದಿಂದ, ಭಾಗಿಸಿರಿ. ಆ ಬಳಿಕ ಬೂಟಿನೊಳಗೆ ಒಂದು ಕಿಲೋಗ್ರಾಂ ಮರಳಿನ ಗಂಟನ್ನಿಟ್ಟು ಮತ್ತೆ ಪ್ರಯೋಗಿಸಿರಿ. ಕೋನ ಹೆಚ್ಚುಕಡಿಮೆ ಅದೇ! ಹೊರೆ ಹೆಚ್ಚಿದರೆ ಹಿಡಿತ ಹೆಚ್ಚುವುದೆಂಬುದು ಭ್ರಮೆ. ಜಾರಿದ ಮೇಲೆ ಮಾತ್ರ ಹೊರೆಯು ನಮ್ಮನ್ನು ಇನ್ನಷ್ಟು ಬಲವಾಗಿ ಕೆಡಹುತ್ತದೆ.

ಕಾಫಿ ತೋಟದ ಕೆಸರಿಗೆ ಅಟ್ಟೆಯ ಹಲ್ಲುಗಳು 4–5 ಮಿಲಿಮೀಟರು ಆಳವಾಗಿಯೂ ಒಂದಕ್ಕೊಂದು ದೂರವಾಗಿಯೂ ಇರಬೇಕು. ಒತ್ತೊತ್ತಾಗಿದ್ದರೆ ಮಣ್ಣು ತುಂಬಿ ಅಟ್ಟೆಯು ನುಣುಪಾಗುವುದು. ಒದ್ದೆ ಬಂಡೆಗಾದರೋ ಮೆದುವಾದ ರಬ್ಬರೂ ಅಗಲವಾದ ಸ್ಪರ್ಶವೂ ಬೇಕು. ಪಾಚಿ ಕಟ್ಟಿದ ಬಂಡೆಯನ್ನು ಯಾವ ಅಟ್ಟೆಯಿಂದಲೂ ನಂಬಬಾರದು.

ನೀರು, ಇಂಬಳ, ಅಳತೆ

ಮಲೆನಾಡಿನಲ್ಲಿ ನೀರು ಬೂಟಿನೊಳಕ್ಕೆ ಬರುವುದು ಬಹಳವಾಗಿ ಮೇಲಿನಿಂದ. ಹಳ್ಳವನ್ನು ದಾಟುವಾಗ ಜಲನಿರೋಧಕ ಬೂಟು ತುಂಬಿದ ಚೊಂಬಿನಂತಾಗುವುದು. ಬಲೆಯಂತಹ ಬಟ್ಟೆಯ ಬೂಟು ತೊಯ್ಯುತ್ತದೆ, ನಿಜ; ಆದರೆ ನಾಲ್ಕು ಹೆಜ್ಜೆಯಲ್ಲಿ ನೀರನ್ನು ಹೊರಹಾಕುತ್ತದೆ. ಒದ್ದೆ ಚರ್ಮದ ಮೇಲೆ ಉಜ್ಜುವಿಕೆ ಹೆಚ್ಚಿ ಬೊಬ್ಬೆ ಏಳುವುದರಿಂದ, ನೀರನ್ನು ಹಿಡಿದಿಡುವ ಹತ್ತಿಯ ಕಾಲುಚೀಲವನ್ನು ಬಿಟ್ಟು ಉಣ್ಣೆ ಅಥವಾ ನೈಲಾನಿನದನ್ನು ಧರಿಸಿರಿ. ಮೂಡಿಗೆರೆಯ ತೋಟಗಳಲ್ಲಿ ಮಳೆಗಾಲಕ್ಕೆ ತೊಡುವ ಗಂಬೂಟು ಕೆಸರಿಗೂ ಇಂಬಳಕ್ಕೂ ಸೊಗಸಾದ ತಡೆ. ಆದರೆ ದೂರದ ಏರಿಳಿತಕ್ಕೆ ಅದು ಹೊಂದದು, ಹಿಮ್ಮಡಿಯು ಒಳಗೇ ಜಾರಾಡುವುದು. ಇಂಬಳಕ್ಕೆ ಒತ್ತಾಗಿ ನೇಯ್ದ ಮೊಣಕಾಲುದ್ದದ ಚೀಲವೇ ಸಾಕು. ಅದಕ್ಕಾಗಿ ಭಾರದ ಬೂಟು ಬೇಡ.

ನಡೆದಂತೆಲ್ಲ ಪಾದವು ಊದಿಕೊಳ್ಳುತ್ತದೆ. ಹೊರೆಯಿಂದ ಅಂಗಾಲಿನ ಕಮಾನು ತುಸು ತಗ್ಗಿ ಪಾದ ಉದ್ದವಾಗುತ್ತದೆ. ಆದಕಾರಣ ಸಂಜೆಯ ಹೊತ್ತು, ಚಾರಣದ ಕಾಲುಚೀಲವನ್ನು ತೊಟ್ಟು, ಬೆನ್ನಿಗೆ ತುಂಬಿದ ಚೀಲವನ್ನೇರಿಸಿಕೊಂಡೇ ಅಳತೆ ನೋಡಿರಿ. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಎಡೆಯಿರಲಿ. ಹಿಮ್ಮಡಿ ಮಾತ್ರ ಅಲುಗದಿರಲಿ. ಅಂಗಡಿಯ ಮೆಟ್ಟಿಲನ್ನು ಇಳಿದಾಗ ಬೆರಳು ಮುಂದಕ್ಕೆ ತಾಗಿದರೆ, ಗಿರಿಯಿಂದ ಇಳಿಯುವಾಗ ಉಗುರು ಕಪ್ಪಾಗುವುದು ಖಂಡಿತ.

ಬೆಟ್ಟಕ್ಕೆ ಹೊರಡುವ ಮುನ್ನ ಬೆನ್ನುಚೀಲವನ್ನು ತೂಗುವ ತಕ್ಕಡಿಯಲ್ಲಿಯೇ ಬೂಟನ್ನೂ ತೂಗಿರಿ, ಬಂದ ತೂಕವನ್ನು ಐದರಿಂದ ಗುಣಿಸಿರಿ. ನೀವು ನಿಜವಾಗಿ ಹೊರುವ ಹೊರೆ ಎಷ್ಟೆಂಬುದು ಆಗ ತಾನೇ ತಿಳಿಯುವುದು.