ಅಳುವವರ ಪಕ್ಕದಲ್ಲಿ ಕೂತ ವಿದ್ಯಾರ್ಥಿಗಳು

ರೋಮಾ 12:15 ತೆಗೀರಿ. ಅಳುವವರ ಜೊತೆ ಅಳಬೇಕು ಅಂತ ಪೌಲನು ಅಲ್ಲಿ ಹೇಳ್ತಾನೆ. ಸಾವಿನ ಮನೆಗೆ ಹೋಗುವಾಗ ಮಾತ್ರ ನಮಗೆ ಈ ವಚನ ನೆನಪಾಗುತ್ತೆ, ಅಲ್ವಾ?

1968 ಏಪ್ರಿಲ್ 4. ಅಮೆರಿಕದ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಗುಂಡಿಟ್ಟು ಕೊಂದರು. ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್, ವಯಸ್ಸು ಬರೀ 39. ಅವರು ಅಲ್ಲಿಗೆ ಹೋಗಿದ್ದು ಮುಷ್ಕರ ಮಾಡ್ತಿದ್ದ ಪೌರಕಾರ್ಮಿಕರಿಗೋಸ್ಕರ. ಆ ಕಾರ್ಮಿಕರಲ್ಲಿ ಇಬ್ಬರು ಫೆಬ್ರವರಿಯಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದರು. ಕಿಂಗ್ ಸತ್ತ ಸುದ್ದಿಗೆ ನೂರಕ್ಕೂ ಹೆಚ್ಚು ಊರುಗಳಲ್ಲಿ ಗಲಭೆ ಎದ್ದಿತು.

ಉತ್ತರ ಕ್ಯಾರೊಲೈನಾದ ಡರ್ಹಮ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಇದೆ. ಪದವಿ ತರಗತಿಗೆ ಕಪ್ಪು ಜನಾಂಗದ ಮಕ್ಕಳನ್ನ ಅಲ್ಲಿ ಸೇರಿಸಿಕೊಂಡಿದ್ದೇ 1963ರಲ್ಲಿ. ಮರುದಿನ ಅಲ್ಲಿನ ವಿದ್ಯಾರ್ಥಿಗಳು, ಹೆಚ್ಚಿನವರು ಬಿಳಿಯರೇ, ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಗೆ ನಡೆದುಕೊಂಡು ಹೋದರು. ಆಮೇಲೆ ಪ್ರಾರ್ಥನಾಲಯದ ಮುಂದಿನ ಹುಲ್ಲುಹಾಸಿನ ಮೇಲೆ ಮೌನವಾಗಿ ಕೂತರು. ಗರಿಗಳ ಭಾನುವಾರ ಬಂತು, ಹೋಯ್ತು, ಅವರು ಏಳಲಿಲ್ಲ. ಕೂತವರ ಸಂಖ್ಯೆ ಸಾವಿರ ದಾಟಿತು.

ಕ್ಯಾಂಡಲ್ ಹಚ್ಚಿ ರೂಮಿಗೆ ಹೋಗಬಹುದಿತ್ತು. ಆದರೆ ಅವರು ತಮ್ಮ ಮೆಸ್ಸಿನ ಕಡೆ ತಿರುಗಿ ನೋಡಿದರು. ಊಟ ಬಡಿಸೋರು, ರೂಮು ಗುಡಿಸೋರು ಹೆಚ್ಚಾಗಿ ಕಪ್ಪು ಜನರೇ, ಸಂಬಳ ತೀರಾ ಕಡಿಮೆ. ಗಂಟೆಗೆ ಕನಿಷ್ಠ 1.60 ಡಾಲರ್ ಕೊಡಿ ಅಂತ ಕೇಳಿದರು. ಕಪ್ಪು ಜನರನ್ನ ಸೇರಿಸಿಕೊಳ್ಳದ ಕ್ಲಬ್ಬಿನ ಸದಸ್ಯತ್ವ ಬಿಡಿ ಅಂತ ಅಧ್ಯಕ್ಷರಿಗೇ ಹೇಳಿದರು. ಕೆಲಸಗಾರರು ಮುಷ್ಕರ ಹೂಡಿದಾಗ ವಿದ್ಯಾರ್ಥಿಗಳು ಮೆಸ್ಸಿನ ಊಟ ಬಿಟ್ಟರು. ಕೊನೆಗೆ ಆಡಳಿತ ಮಂಡಳಿ ಕೂಲಿ ಹೆಚ್ಚಿಸೋಕೆ ಒಪ್ಪಿತು. ಕೆಲಸಗಾರರ ಸಂಘಕ್ಕೆ ಮಾತ್ರ ಆಗ ಮಾನ್ಯತೆ ಸಿಗಲಿಲ್ಲ.

ಯಾಕೋಬ 5:4 ನೋಡಿ. ತಡೆಹಿಡಿದ ಕೂಲಿಯೇ ಕೂಗುತ್ತೆ, ಆ ಕೂಗು ದೇವರ ಕಿವಿಗೆ ಬೀಳುತ್ತೆ. ನನ್ನ ಕಿವಿಗೆ ಬಿದ್ದಿರಲಿಲ್ಲ, ಅದನ್ನೂ ಹೇಳ್ತೀನಿ. ಬೈಬಲ್ ಕಾಲೇಜಿನಲ್ಲಿದ್ದಾಗ ಕಿಂಗ್ ಅವರ ಬಗ್ಗೆ ಓದಿ ಉಪವಾಸ ಕೂಟದಲ್ಲಿ ಅತ್ತಿದ್ದೆ. ಅವತ್ತೇ ರಾತ್ರಿ ಸಾರು ತಣ್ಣಗಿದೆ ಅಂತ ಅಡುಗೆ ಅಕ್ಕನ ಮೇಲೆ ರೇಗಿದೆ. ಎರಡು ವರ್ಷ ಅವರ ಕೈ ಊಟ ಉಂಡವನು, ಅವರ ಹೆಸರು ಗೊತ್ತಿರಲಿಲ್ಲ. ಯಾವ ಪ್ರೇಯರ್ ಲಿಸ್ಟಿನಲ್ಲೂ ಅವರು ಇರಲಿಲ್ಲ.

ಮುಂದಿನ ಯೂತ್ ಮೀಟಿಂಗಿಗೆ ಬರುವಾಗ ನಿಮ್ಮ ಪಿಜಿಯಲ್ಲಿ, ಆಫೀಸಿನಲ್ಲಿ ಗುಡಿಸೋ ಅಕ್ಕ, ಅಣ್ಣನ ಹೆಸರು ಕೇಳಿಕೊಂಡು ಬನ್ನಿ. ಸಂಬಳ ಸರಿಯಾಗಿ ಬರ್ತಿದೆಯಾ ಅಂತಲೂ ಕೇಳಿ. ಅಲ್ಲಿಂದ ಪ್ರಾರ್ಥನೆ ಶುರು ಮಾಡೋಣ.