ಮೊದಲು ಒಪ್ಪಿಗೆ, ಆಮೇಲೆ ಪ್ರಯೋಗ: ಐಸೆಫ್ ನಿಯಮಗಳಿಂದ ನಾವು ಕಲಿತ ಪಾಠ

ಪ್ರತಿ ವರ್ಷ ಜೂನ್ ಬಂತೆಂದರೆ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಒಂದೇ ತರಹದ ಮೆಸೇಜು ಬರುತ್ತೆ. "ನನ್ನ ತಂಗಿ ಸೈನ್ಸ್ ಪ್ರಾಜೆಕ್ಟ್ ಮಾಡ್ತಿದ್ದಾಳೆ, ಯಾರಾದ್ರೂ ಸ್ವಲ್ಪ ಗೈಡ್ ಮಾಡ್ತೀರಾ?" ನಾವೂ ಕೂಡಲೇ ಹ್ಞೂಂ ಅನ್ನುತ್ತೇವೆ. ಬೋರ್ಡು, ಸೆನ್ಸರು, ಕೋಡು ಇವೆಲ್ಲ ನಮಗೆ ಗೊತ್ತಿರುವ ವಿಷಯಗಳೇ. ಗೊತ್ತಿಲ್ಲದ್ದು ಸ್ಪರ್ಧೆಯ ನಿಯಮಗಳು. ಅವನ್ನು ಓದದೆ ಗೈಡ್ ಮಾಡಲು ಹೋಗಿ ನಾವು ಒಮ್ಮೆ ಇಬ್ಬರು ಮಕ್ಕಳ ಒಂದು ವರ್ಷದ ಶ್ರಮವನ್ನು ಹಾಳು ಮಾಡಿದ್ದೇವೆ. ಮುಂದೆ ಗೈಡ್ ಆಗುವವರು ಅದೇ ತಪ್ಪು ಮಾಡದಿರಲಿ ಅಂತ ಈ ಲೇಖನ.

ಐಸೆಫ್ ಅಂದರೇನು?

ಇಂಟರ್‌ನ್ಯಾಷನಲ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ಫೇರ್, ಚಿಕ್ಕದಾಗಿ ಐಸೆಫ್. 9ರಿಂದ 12ನೇ ತರಗತಿವರೆಗಿನ, ಅಂದರೆ ನಮ್ಮಲ್ಲಿ ಹೈಸ್ಕೂಲ್ ಮತ್ತು ಪಿಯು ವಿದ್ಯಾರ್ಥಿಗಳ ಸ್ಪರ್ಧೆ ಇದು. ನಡೆಸುವುದು ಅಮೆರಿಕದ ಸೊಸೈಟಿ ಫಾರ್ ಸೈನ್ಸ್ ಸಂಸ್ಥೆ. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ರಾಷ್ಟ್ರೀಯ ಮೇಳವಾಗಿ ಶುರುವಾಗಿ, 1958ರಲ್ಲಿ ಅಂತರರಾಷ್ಟ್ರೀಯವಾಯಿತು. ಬಹಳ ವರ್ಷ ಇಂಟೆಲ್ ಐಸೆಫ್ ಅಂತ ಕರೆಯುತ್ತಿದ್ದರು, ಈಗ ರಿಜೆನೆರಾನ್ ಐಸೆಫ್. ಇದಕ್ಕೆ ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ. ಮಾನ್ಯತೆ ಪಡೆದ ಮೇಳವೊಂದರಲ್ಲಿ ಆಯ್ಕೆಯಾಗಿಯೇ ಹೋಗಬೇಕು. ನಮ್ಮ ದೇಶದಲ್ಲಿ ಐರಿಸ್ ರಾಷ್ಟ್ರೀಯ ಮೇಳ ಅಂಥದ್ದೊಂದು ದಾರಿ.

ಕೈಪಟ್ಟಿಯ ಕಥೆ

ನಮ್ಮ ಹತ್ತಿರ ಬಂದವರು ಮೊದಲ ಪಿಯು ಓದುತ್ತಿದ್ದ ಇಬ್ಬರು ಹುಡುಗಿಯರು. ಒಬ್ಬಳ ತಾತನಿಗೆ ಕಿವಿ ಮಂದ. ಹಿಂದಿನಿಂದ ಬರುವ ಗಾಡಿಯ ಹಾರ್ನ್ ಕೇಳಿಸುವುದಿಲ್ಲ. ಹಾರ್ನ್ ಸದ್ದನ್ನು ಗುರುತಿಸಿ ಕೈಗೆ ಕಟ್ಟಿದ ಪಟ್ಟಿಯನ್ನು ನಡುಗಿಸುವ ಸಾಧನ ಮಾಡಬೇಕು ಅನ್ನುವುದು ಅವರ ಯೋಚನೆ. ಐಡಿಯಾ ಪೂರ್ತಿ ಅವರದ್ದೇ. ನಮಗೂ ಖುಷಿಯಾಯಿತು. ಎರಡು ತಿಂಗಳಲ್ಲಿ ಪಟ್ಟಿ ತಯಾರಾಯಿತು.

"ಈಗ ನಾಲ್ಕು ಜನರ ಮೇಲೆ ಟೆಸ್ಟ್ ಮಾಡಿ, ಡೇಟಾ ಬೇಕಲ್ಲ" ಅಂದವರು ನಾವೇ. ಹುಡುಗಿಯರು ಬೀದಿಯ ಹಿರಿಯರನ್ನು ಕೇಳಿಕೊಂಡು, ಅವರ ಕೈಗೆ ಪಟ್ಟಿ ಕಟ್ಟಿ, ರಸ್ತೆ ಬದಿಯಲ್ಲಿ ನಡೆಸಿದರು. ಒಬ್ಬರು ತಾತ, ಪಟ್ಟಿ ಇದ್ದಕ್ಕಿದ್ದಂತೆ ನಡುಗಿದಾಗ ಗಾಬರಿಯಾಗಿ ರಸ್ತೆಯ ಕಡೆಗೇ ಒಂದು ಹೆಜ್ಜೆ ಇಟ್ಟುಬಿಟ್ಟರು. ಜೊತೆಯಲ್ಲಿದ್ದವಳು ತೋಳು ಹಿಡಿದು ಎಳೆದುಕೊಂಡಳು. ಏನೂ ಆಗಲಿಲ್ಲ. ನಾವು ಆ ವಿಷಯ ಕೇಳಿ ನಕ್ಕು ಮರೆತೆವು.

ಅರ್ಜಿ ತುಂಬಲು ಕೂತಾಗ ನಿಯಮ ಪುಸ್ತಕ ಮೊದಲ ಸಲ ತೆರೆದೆವು. ಮನುಷ್ಯರ ಮೇಲೆ ಪರೀಕ್ಷೆ ಮಾಡುವುದಾದರೆ ಸಮಿತಿಯ ಒಪ್ಪಿಗೆ ಮೊದಲೇ ಬೇಕು, ಸಹಿಯ ತಾರೀಖು ಪ್ರಯೋಗ ಶುರುವಾದ ತಾರೀಖಿಗಿಂತ ಹಿಂದಿನದಾಗಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮಲ್ಲೊಬ್ಬರು, "ಹಿಂದಿನ ತಿಂಗಳ ಡೇಟ್ ಹಾಕಿಸಿದ್ರೆ ಆಯ್ತು, ಯಾರಿಗೆ ಗೊತ್ತಾಗುತ್ತೆ?" ಅಂದರು. ಉಳಿದ ನಾವೂ ಬೇಡ ಅನ್ನಲಿಲ್ಲ. ಆಗ ಆ ಹುಡುಗಿ ಕೇಳಿದ್ದು ಇಷ್ಟೇ: "ಅಣ್ಣ, ಅವತ್ತು ಆ ತಾತಂಗೆ ಏನಾದ್ರೂ ಆಗಿದ್ದಿದ್ರೆ ಆಗ್ಲೂ ಡೇಟ್ ಹಿಂದಕ್ಕೆ ಹಾಕ್ತಿದ್ವಾ?"

ಆ ವರ್ಷ ಅರ್ಜಿ ಹಾಕಲಿಲ್ಲ. ಆಮೇಲೆ ನಾವೆಲ್ಲ ಕೂತು ನಿಯಮ ಪುಸ್ತಕ ಓದಿದೆವು. ಓದಿದ್ದರ ಸಾರ ಇಲ್ಲಿದೆ.

ಯಾರು, ಎಷ್ಟು ದಿನ

ಮೇಳಕ್ಕೆ ಮುಂಚಿನ ಮೇ 1ಕ್ಕೆ 20 ವರ್ಷ ತುಂಬಿರಬಾರದು. ಒಬ್ಬರೇ ಮಾಡಬಹುದು ಅಥವಾ ತಂಡವಾಗಿ ಮಾಡಬಹುದು, ಆದರೆ ತಂಡದಲ್ಲಿ 3 ಜನಕ್ಕಿಂತ ಹೆಚ್ಚು ಇರಬಾರದು. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಒಂದೇ ಪ್ರಾಜೆಕ್ಟು. ಸಂಶೋಧನೆ ಸತತ 12 ತಿಂಗಳಿಗಿಂತ ಹೆಚ್ಚಿನದಾಗಿರಬಾರದು, ಹಿಂದಿನ ವರ್ಷದ ಜನವರಿಗೂ ಮುಂಚೆ ಮಾಡಿದ ಕೆಲಸ ಅದರಲ್ಲಿ ಸೇರಬಾರದು. ಅಂದರೆ 2025ರ ಮೇ ತಿಂಗಳ ಮೇಳಕ್ಕೆ ತೋರಿಸುವ ಕೆಲಸ 2024ರ ಜನವರಿಗಿಂತ ಹಳೆಯದಾಗಿರುವಂತಿಲ್ಲ. ಅಣ್ಣನ ಹಳೇ ಪ್ರಾಜೆಕ್ಟನ್ನು ತಮ್ಮ ತೋರಿಸುವ ಆಟ ಇಲ್ಲಿ ನಡೆಯುವುದಿಲ್ಲ.

ಕಾಗದ ಮೊದಲು

ಪ್ರಯೋಗ ಶುರು ಮಾಡುವ ಮೊದಲೇ ಎಲ್ಲರೂ ಸಂಶೋಧನಾ ಯೋಜನೆ ಬರೆಯಬೇಕು. ಪ್ರಶ್ನೆ ಏನು, ಹೇಗೆ ಮಾಡುತ್ತೇವೆ, ಅಪಾಯ ಏನಿದೆ, ಡೇಟಾವನ್ನು ಹೇಗೆ ವಿಶ್ಲೇಷಿಸುತ್ತೇವೆ ಎಲ್ಲವೂ ಅದರಲ್ಲಿರಬೇಕು. ನಡುವೆ ಬದಲಾವಣೆಯಾದರೆ ಹಳೆಯದನ್ನು ಅಳಿಸದೆ, ಬದಲಾವಣೆಯನ್ನು ಕೊನೆಯಲ್ಲಿ ಸೇರಿಸಬೇಕು. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಬಂದ ಮೇಲೆ "ಉದ್ದೇಶ" ಬರೆಯುವ ಅಭ್ಯಾಸ ನಮಗೆಲ್ಲ ಇದೆಯಲ್ಲ, ಅದಕ್ಕೆ ಇದು ತದ್ವಿರುದ್ಧ.

ಪ್ರತಿ ಪ್ರಾಜೆಕ್ಟಿಗೂ ಜವಾಬ್ದಾರಿ ಹೊರುವ ಒಬ್ಬ ದೊಡ್ಡವರು ಬೇಕು. ಹೆಚ್ಚಾಗಿ ಶಿಕ್ಷಕರೇ ಆಗಿರುತ್ತಾರೆ. ಅವರದು ಫಾರ್ಮ್ 1. ವಿದ್ಯಾರ್ಥಿಯ ವಿವರ ಫಾರ್ಮ್ 1ಎ, ವಿದ್ಯಾರ್ಥಿ ಮತ್ತು ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಫಾರ್ಮ್ 1ಬಿ. ಅಪಾಯಕಾರಿ ರಾಸಾಯನಿಕ, ಉಪಕರಣ, ಚಟುವಟಿಕೆ ಇದ್ದರೆ ಫಾರ್ಮ್ 3ರಲ್ಲಿ ಅಪಾಯದ ಅಂದಾಜು ಬರೆದು, ಮೇಲ್ವಿಚಾರಕರ ಕಣ್ಣೆದುರಿಗೇ ಕೆಲಸ ಮಾಡಬೇಕು.

ಮೂರು ವಿಷಯಗಳಲ್ಲಿ ಮುಂಗಡ ಒಪ್ಪಿಗೆ

ಮನುಷ್ಯರು, ಬೆನ್ನೆಲುಬಿರುವ ಪ್ರಾಣಿಗಳು, ಅಪಾಯ ತರಬಹುದಾದ ಸೂಕ್ಷ್ಮಜೀವಿಗಳಂಥ ಜೈವಿಕ ವಸ್ತುಗಳು. ಈ ಮೂರರಲ್ಲಿ ಯಾವುದಿದ್ದರೂ ಸಂಬಂಧಪಟ್ಟ ಸಮಿತಿ ಮೊದಲೇ ಒಪ್ಪಬೇಕು. ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವಂತಿಲ್ಲ. ಅಡುಗೆಮನೆಯ ಸ್ಪಾಂಜಿನ ಬ್ಯಾಕ್ಟೀರಿಯಾ ಎಣಿಸುವ ಪ್ರಾಜೆಕ್ಟು ಎಷ್ಟೇ ಸುಲಭ ಅನ್ನಿಸಿದರೂ ಅದನ್ನು ತಕ್ಕ ಲ್ಯಾಬಿನಲ್ಲೇ ಮಾಡಬೇಕು. ನಾವು ಬೆಳೆಸುತ್ತಿರುವುದು ಎಂಥದ್ದು ಅಂತ ಬೆಳೆಸುವವರೆಗೂ ಗೊತ್ತಾಗುವುದಿಲ್ಲ, ಕಾರಣ ಅದೇ.

ಇನ್ನು ಮನುಷ್ಯರ ವಿಷಯ. ಪ್ರಶ್ನಾವಳಿ ಕೊಟ್ಟು ಉತ್ತರ ಪಡೆಯುವ ಸರ್ವೆಯೂ ಇದರಲ್ಲಿ ಸೇರುತ್ತೆ. ತಾನೇ ಮಾಡಿದ ಸಾಧನವನ್ನು ವಿದ್ಯಾರ್ಥಿ ತಾನೊಬ್ಬನೇ ಪರೀಕ್ಷಿಸಿದರೆ, ಅದರಲ್ಲಿ ಅಪಾಯವೂ ಇಲ್ಲದಿದ್ದರೆ ವಿನಾಯಿತಿ ಇದೆ. ಬೇರೆಯವರ ಕೈಗೆ ಕಟ್ಟಿದ ಕ್ಷಣ ಒಪ್ಪಿಗೆ ಬೇಕು. ನಾವು ಎಡವಿದ್ದು ಇಲ್ಲಿಯೇ.

ಈ ಸಮಿತಿಯನ್ನು ಐಆರ್‌ಬಿ ಅನ್ನುತ್ತಾರೆ. ಶಾಲೆಯಲ್ಲೇ ಮಾಡಿಕೊಳ್ಳಬಹುದು. ಕನಿಷ್ಠ ಮೂವರು ಇರಬೇಕು: ಒಬ್ಬ ಶಿಕ್ಷಕರು, ಶಾಲೆಯ ಆಡಳಿತದಿಂದ ಒಬ್ಬರು, ದೇಹ-ಮನಸ್ಸಿಗೆ ಆಗಬಹುದಾದ ಅಪಾಯವನ್ನು ತೂಗಿ ನೋಡಬಲ್ಲ ವೈದ್ಯರೋ ನರ್ಸೋ ಮನಶ್ಶಾಸ್ತ್ರಜ್ಞರೋ ಒಬ್ಬರು. ಪ್ರಾಜೆಕ್ಟಿನ ಜವಾಬ್ದಾರಿ ಹೊತ್ತವರೂ ವಿದ್ಯಾರ್ಥಿಯ ಮನೆಯವರೂ ಈ ಸಮಿತಿಯಲ್ಲಿ ಕೂರುವಂತಿಲ್ಲ.

ಹೈಸ್ಕೂಲ್ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಇದರ ಹಿಂದೆ ಇತಿಹಾಸ ಇದೆ. ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಕಪ್ಪು ಜನಾಂಗದ ಗಂಡಸರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ಕಾಯಿಲೆ ಏನು ಅಂತ ಅವರಿಗೆ ಹೇಳಲಿಲ್ಲ. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ, ಕಾಯಿಲೆ ಹೇಗೆ ಮುಂದುವರಿಯುತ್ತೆ ಅಂತ ನೋಡುತ್ತಾ ಕೂತರು. ಸುದ್ದಿ ಹೊರಬಿದ್ದ ಮೇಲೆ, 1974ರಲ್ಲಿ, ಅಲ್ಲಿ ಕಾನೂನು ಬಂತು. ಹುಡುಗಿಯರ ಕೈಪಟ್ಟಿಗೂ ಅದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಪ್ರಯೋಗದಲ್ಲಿ ಪಾಲ್ಗೊಳ್ಳುವವರಿಗೆ ಏನು ನಡೆಯುತ್ತಿದೆ ಅಂತ ಗೊತ್ತಿದೆಯಾ, ಬೇಡ ಅನ್ನುವ ಅವಕಾಶ ಇದೆಯಾ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ?

ಗೈಡ್ ಎಲ್ಲಿ ನಿಲ್ಲಬೇಕು

ಇದು ನಮಗೇ ಹೇಳಿಕೊಂಡ ಮಾತು. ಮಕ್ಕಳು ನಮ್ಮ ಕಾಲೇಜು ಲ್ಯಾಬಿನಲ್ಲಿ ಕೆಲಸ ಮಾಡಿದರೆ ಫಾರ್ಮ್ 1ಸಿ ಬೇಕು. ಯಾವ ಭಾಗ ವಿದ್ಯಾರ್ಥಿಯದು, ಎಷ್ಟು ಸ್ವತಂತ್ರವಾಗಿ ಮಾಡಿದರು ಅಂತ ಮೇಲ್ವಿಚಾರಕರು ಪ್ರಯೋಗ ಮುಗಿದ ಮೇಲೆ ಬರೆದುಕೊಡಬೇಕು. ತೀರ್ಪಿನ ಹೊತ್ತಿಗೆ ಮಕ್ಕಳ ಪಕ್ಕದಲ್ಲಿ ನಾವಿರುವುದಿಲ್ಲ. "ಈ ಫಿಲ್ಟರ್ ಯಾಕೆ ಹಾಕಿದ್ರಿ?" ಅಂದರೆ ಅವರೇ ಹೇಳಬೇಕು. ನಾವು ಬರೆದ ಕೋಡು ಅವರ ಬಾಯಲ್ಲಿ ನಿಲ್ಲುವುದಿಲ್ಲ. ಬೇರೆಯವರ ಕೆಲಸವನ್ನು ತಮ್ಮದೆಂದು ತೋರಿಸುವುದು, ಡೇಟಾ ಹುಟ್ಟಿಸುವುದು, ಕಾಗದ ತಿದ್ದುವುದು ಎಲ್ಲವೂ ವಂಚನೆಯೇ. ಸಿಕ್ಕಿಬಿದ್ದರೆ ಸ್ಪರ್ಧೆಯಿಂದ ಹೊರಗೆ.

ಸ್ಟಾಲಿನಲ್ಲಿ

ಪ್ರದರ್ಶನ 76 ಸೆಂ.ಮೀ. ಆಳ, 122 ಸೆಂ.ಮೀ. ಅಗಲ, ನೆಲದಿಂದ 274 ಸೆಂ.ಮೀ. ಎತ್ತರ ದಾಟಬಾರದು. ಸಾರಾಂಶ 250 ಪದಗಳ ಒಳಗಿರಬೇಕು. ಗಿಡ, ಮಣ್ಣು, ಆಹಾರ, ರಾಸಾಯನಿಕ ಏನನ್ನೂ ತಂದಿಡುವಂತಿಲ್ಲ. ಅದರ ಬದಲು ಫೋಟೋ ಇಡಬಹುದು. ನಿಯಮಗಳನ್ನು ಪ್ರತಿ ವರ್ಷ ಪರಿಷ್ಕರಿಸುತ್ತಾರೆ, ಹಾಗಾಗಿ ಆಯಾ ವರ್ಷದ ಪುಸ್ತಕವನ್ನೇ ನೋಡಿ.

ಮತ್ತೆ ಕೈಪಟ್ಟಿ

ಮರುವರ್ಷ ಅದೇ ಹುಡುಗಿಯರು ಎರಡನೇ ಪಿಯುನಲ್ಲಿ ಮತ್ತೆ ಶುರು ಮಾಡಿದರು. ಮುಂದುವರಿದ ಪ್ರಾಜೆಕ್ಟಾದ್ದರಿಂದ ಫಾರ್ಮ್ 7 ತುಂಬಿ, ಹಿಂದಿನ ವರ್ಷಕ್ಕಿಂತ ಏನು ಹೊಸತು ಅಂತ ಬರೆದರು. ಹಳೇ ಡೇಟಾ ಒಂದು ಸಾಲೂ ಬಳಸಲಿಲ್ಲ. ಶಾಲೆಯ ಸಮಿತಿಯಲ್ಲಿದ್ದ ಡಾಕ್ಟರು ಮೊದಲು ಕೇಳಿದ್ದೇ, "ಪಟ್ಟಿ ನಡುಗಿದಾಗ ವಯಸ್ಸಾದವರು ಬೆಚ್ಚಿದ್ರೆ ಏನ್ಮಾಡ್ತೀರಿ?" ಅಂತ. ಪರೀಕ್ಷೆ ರಸ್ತೆಯಿಂದ ಶಾಲೆಯ ಅಂಗಳಕ್ಕೆ ಬಂತು. ಹಾರ್ನ್ ಬದಲು ರೆಕಾರ್ಡ್ ಮಾಡಿದ ಸದ್ದು. ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬರು. ಪಟ್ಟಿಯೂ ಬದಲಾಯಿತು: ಒಮ್ಮೆಲೇ ಜೋರಾಗಿ ನಡುಗುವ ಬದಲು ಮೆಲ್ಲಗೆ ಶುರುವಾಗುವ ಹಾಗೆ ಮಾಡಿದರು. ನಾವು ನಕ್ಕು ಮರೆತದ್ದನ್ನು ಆ ಒಂದು ಪ್ರಶ್ನೆ ಸರಿಪಡಿಸಿತು.

ಅವರು ರಾಷ್ಟ್ರೀಯ ಮೇಳದವರೆಗೆ ಹೋಗಲಿಲ್ಲ. ಬೇಸರ ನಮಗೇ ಜಾಸ್ತಿ ಆಯಿತು. ಆದರೆ ತಾತ ಈಗಲೂ ಸಂಜೆ ವಾಕಿಂಗಿಗೆ ಆ ಪಟ್ಟಿ ಕಟ್ಟಿಕೊಂಡೇ ಹೊರಡುತ್ತಾರಂತೆ.

ಈ ಜೂನ್‌ನಲ್ಲಿ ನಿಮ್ಮ ತಮ್ಮನೋ ತಂಗಿಯೋ ಪ್ರಾಜೆಕ್ಟ್ ಅಂತ ಬಂದರೆ ಸಾಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವ ಮೊದಲು ಜೊತೆಗೆ ಕೂತು ನಿಯಮ ಪುಸ್ತಕ ಓದಿ. ಒಂದು ಮಧ್ಯಾಹ್ನ ಸಾಕು. ಡೌಟ್ ಬಂದರೆ ಬಳಗದ ಯಾರನ್ನಾದರೂ ಕೇಳಿ, ನಾವಿದ್ದೇವೆ.